9ನೇ ಸೆಲ್ ಒಂದೇ 3.65 ವೋಲ್ಟ್‌ಗೆ ಹಾರುತ್ತದೆ, ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ. ಮಿತಿ ಏರಿಸಲೇ?

ಅರ್ಧಚಾರ್ಜ್:
ಎಲ್ಲರಿಗೂ ನಮಸ್ಕಾರ. ನನ್ನ ಇನ್ವರ್ಟರ್‌ಗೆ ಮೊದಲು 14 ಸೆಲ್‌ಗಳ ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ ಲಿಥಿಯಂ) ಬ್ಯಾಟರಿ ಪ್ಯಾಕ್ ಇತ್ತು. ನಾಲ್ಕು ವರ್ಷ ತಕರಾರಿಲ್ಲದೆ ನಡೆಯಿತು. ಈಗ ಅದನ್ನು ತೆಗೆದು 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಹಾಕಿದ್ದೇನೆ, ಒಂದೊಂದೂ 280 ಆಂಪಿಯರ್ ಅವರ್. ಒಂದೇ ಸಾಲಿಗೆ ಜಾಗ ಸಾಲದೆ ಎಂಟೆಂಟು ಸೆಲ್‌ಗಳ ಎರಡು ಪೆಟ್ಟಿಗೆ ಮಾಡಿದೆ. ಬಿಎಂಎಸ್ (ಪ್ರತಿ ಸೆಲ್‌ನ ವೋಲ್ಟೇಜ್ ನೋಡುತ್ತಾ ಪ್ಯಾಕ್ ಕಾಯುವ ಬೋರ್ಡ್) ಹಳೆಯದೇ. ಸೆಲ್ ಎಷ್ಟು, ಯಾವ ಬಗೆ ಎನ್ನುವುದನ್ನು ಆ್ಯಪ್‌ನಲ್ಲೇ ಬದಲಾಯಿಸಬಹುದು. 'ಎಲ್‌ಎಫ್‌ಪಿ' ಆರಿಸಿ 16 ಅಂತ ಕೊಟ್ಟೆ, ಉಳಿದದ್ದನ್ನು ಅದೇ ತುಂಬಿಕೊಂಡಿತು.

ತೊಂದರೆ ಏನೆಂದರೆ, 60 ಆಂಪಿಯರ್‌ನಲ್ಲಿ ಚಾರ್ಜ್ ಮಾಡುವಾಗ 9ನೇ ಸೆಲ್ 3.65 ಮುಟ್ಟುತ್ತದೆ. ಉಳಿದ ಹದಿನೈದೂ 3.38ರಲ್ಲಿ ಆರಾಮಾಗಿ ಕೂತಿರುತ್ತವೆ. ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ, ಇನ್ವರ್ಟರ್ ಕಿರುಚುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಕಟ್. ಲೋಡ್ ಹಾಕಿದರೂ ಅದೇ ಸೆಲ್‌ನ ಕಾಟ. 40 ಆಂಪಿಯರ್ ಎಳೆದರೆ ಉಳಿದವು 3.27, ಇದು 3.09.

ನನ್ನ ಪ್ರಶ್ನೆ ಇಷ್ಟೇ. ಓವರ್‌ವೋಲ್ಟೇಜ್ ಮಿತಿಯನ್ನು 3.65ರಿಂದ 3.75ಕ್ಕೆ ಏರಿಸಿದರೆ ಉಳಿದವೂ ತುಂಬಿಕೊಳ್ಳುತ್ತವೆ ಅಲ್ವಾ? ಹಳೇ ಪ್ಯಾಕ್ 4.2ರವರೆಗೆ ಹೋಗುತ್ತಿತ್ತು. ಇದಕ್ಕೆ 0.1 ಜಾಸ್ತಿ ಕೊಟ್ಟರೆ ಏನು ಮಹಾ?

ಸುಟ್ಟಬೆರಳು:
ಬೇಡ. ಬೇಡವೇ ಬೇಡ.

ಮೂರುಪಾಯಿಂಟ್‌ಎರಡು:
'ಏನು ಮಹಾ' ಅನ್ನುವುದಕ್ಕೆ ಉತ್ತರ ಕೊಡುತ್ತೇನೆ. 4.2 ಎನ್‌ಎಂಸಿಯ ಲೆಕ್ಕ, ಎಲ್‌ಎಫ್‌ಪಿಗೆ ಅದು ಸಂಬಂಧವೇ ಇಲ್ಲ. ಎಲ್‌ಎಫ್‌ಪಿ ಸೆಲ್ 3.45 ದಾಟುವ ಹೊತ್ತಿಗೆ ಹೆಚ್ಚೂ ಕಡಿಮೆ ತುಂಬಿರುತ್ತದೆ. ಅಲ್ಲಿಂದ 3.65ಕ್ಕೆ ಏರುವಾಗ ಒಳಗೆ ಹೋಗುವ ಚಾರ್ಜ್ ಬಹಳ ಕಡಿಮೆ, ವೋಲ್ಟೇಜ್ ಮಾತ್ರ ನೆಟ್ಟಗೆ ಮೇಲೇಳುತ್ತದೆ. ಅದರ ಮೇಲೂ ತಳ್ಳಿದರೆ ನಿಮಗೆ ಸಿಗುವುದು ಚಾರ್ಜ್ ಅಲ್ಲ, ಎಲೆಕ್ಟ್ರೋಲೈಟ್ ಒಡೆದು ಹುಟ್ಟುವ ಗ್ಯಾಸ್. ಸೆಲ್ ಉಬ್ಬುತ್ತದೆ.

ಇನ್ನೊಂದು ಮಾತು. ಬಗೆ ತಪ್ಪಾಗಿ ಆರಿಸಿದರೆ ಎರಡು ಕಡೆಯೂ ಒಂದೇ ಥರ ಪೆಟ್ಟು ಬೀಳುವುದಿಲ್ಲ. ಎನ್‌ಎಂಸಿ ಪ್ಯಾಕ್‌ಗೆ ಎಲ್‌ಎಫ್‌ಪಿ ಮಿತಿ ಕೊಟ್ಟರೆ 3.65ಕ್ಕೇ ನಿಲ್ಲುತ್ತದೆ, ಅರ್ಧದಷ್ಟು ತುಂಬುತ್ತದೆ, ನಷ್ಟ ಅಷ್ಟೆ. ಎಲ್‌ಎಫ್‌ಪಿಗೆ ಎನ್‌ಎಂಸಿ ಮಿತಿ ಕೊಟ್ಟರೆ ಕಾವಲುಗಾರ ಇದ್ದೂ ಇಲ್ಲದ ಹಾಗೆ.

ಸುಟ್ಟಬೆರಳು:
ಅದಕ್ಕೆ ನಾನೇ ಸಾಕ್ಷಿ. ನಾಲ್ಕು ಸೆಲ್‌ಗಳ ಒಂದು ಸಣ್ಣ ಎಲ್‌ಎಫ್‌ಪಿ ಪ್ಯಾಕ್ ಕಟ್ಟಿದ್ದೆ. ಡಬ್ಬದಲ್ಲಿ ಬಿದ್ದಿದ್ದ ನಾಲ್ಕು ಸೆಲ್‌ಗಳ ಬೋರ್ಡ್ ಒಂದನ್ನು ಹಾಕಿದೆ. ಅದು ಎನ್‌ಎಂಸಿ ಬೋರ್ಡು, ಮಿತಿಯನ್ನು ಮೊದಲೇ ಕೂರಿಸಿ ಬಂದದ್ದು, ಬದಲಾಯಿಸಲು ಬರುವುದಿಲ್ಲ. ಚಾರ್ಜರ್ ಮಾತ್ರ ಸರಿಯಾಗಿ 14.6ರದ್ದೇ, ಇನ್ನೇನು ಭಯ ಅಂದುಕೊಂಡೆ. ಒಂದು ದಿನ ಮುಟ್ಟಿ ನೋಡಿದರೆ ಎರಡನೇ ಸೆಲ್ ದಿಂಬಿನ ಹಾಗೆ ಉಬ್ಬಿದೆ. ಅಳೆದೆ. ಅದೊಂದು 4.1, ಉಳಿದ ಮೂರೂ 3.5. ಕೂಡಿಸಿ ನೋಡಿ, ಸರಿಯಾಗಿ 14.6! ಚಾರ್ಜರ್‌ಗೆ ಮೊತ್ತ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೋರ್ಡ್ ಪಾಪ 4.25 ಬರಲಿ ಅಂತ ಕಾಯುತ್ತಾ ಕೂತಿತ್ತು.

ಕಪ್ಪುತಂತಿ:
ಇಷ್ಟೆಲ್ಲ ಯಾಕೆ? ಸೆಲ್ ಸತ್ತಿದೆ. ಮೊದಲು ತುಂಬುತ್ತದೆ, ಮೊದಲು ಖಾಲಿಯಾಗುತ್ತದೆ ಅಂದರೆ ಸಾಮರ್ಥ್ಯ ಕಡಿಮೆ ಅಂತಲೇ ಅರ್ಥ. ಹೊಸದು ತರಿಸಿ, ಬದಲಾಯಿಸಿ, ಮುಗೀತು.

ಅರ್ಧಚಾರ್ಜ್:
ನನಗೂ ಹಾಗೇ ಅನ್ನಿಸಿತ್ತು ಸರ್. ಈಗಲೇ ಒಂದು ಬುಕ್ ಮಾಡಿಬಿಡುತ್ತೇನೆ.

ಹಳೇಮೀಟರ್:
ಸ್ವಲ್ಪ ತಡೀರಿ. 9ನೇ ಸೆಲ್ ಅಂದಿರಿ. ಎಂಟೆಂಟರ ಎರಡು ಪೆಟ್ಟಿಗೆ ಅಂತಲೂ ಅಂದಿರಿ. ನನಗೆ ಬೇರೆಯೇ ಅನುಮಾನ.

ಒಂದು ಸೆಲ್ ಎದ್ದು ಕಾಣುವುದಕ್ಕೆ ಮೂರು ಕಾರಣ ಇರಬಹುದು. ಆ ಸೆಲ್ ಉಳಿದವಕ್ಕಿಂತ ಜಾಸ್ತಿ ತುಂಬಿದ್ದರೆ ಚಾರ್ಜ್‌ನಲ್ಲಿ ಮೊದಲು ಮೇಲೇರುತ್ತದೆ, ಆದರೆ ಖಾಲಿಯಾಗುವಾಗ ಕೊನೆಯದಾಗಿ ಇಳಿಯುತ್ತದೆ. ಇದು ಬ್ಯಾಲೆನ್ಸ್ ತಪ್ಪಿದ್ದು. ಸಾಮರ್ಥ್ಯವೇ ಕಡಿಮೆ ಇದ್ದರೆ ಮೇಲೂ ಮೊದಲು, ಕೆಳಗೂ ಮೊದಲು, ಕಪ್ಪುತಂತಿ ಹೇಳಿದ ಹಾಗೆ. ಆದರೆ ಅದು ಪ್ಯಾಕ್ ತುಂಬುವ ಹೊತ್ತಿಗೆ, ಖಾಲಿಯಾಗುವ ಹೊತ್ತಿಗೆ ಮಾತ್ರ. ಮೂರನೆಯದು ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್. ಅದಾದರೆ ಪ್ಯಾಕ್ ಎಷ್ಟು ತುಂಬಿದೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕರೆಂಟ್ ಹರಿಯುವವರೆಗೂ ವ್ಯತ್ಯಾಸ ಇರುತ್ತದೆ, ಕರೆಂಟ್ ನಿಂತ ಕೂಡಲೇ ಮಾಯ.

ಹಾಗಾಗಿ ಒಂದು ಕೆಲಸ ಮಾಡಿ. ಚಾರ್ಜ್ ನಿಲ್ಲಿಸಿ, ಮೊದಲ ಐದು ಸೆಕೆಂಡ್ 9ನೇ ಸೆಲ್ ಮೇಲೆ ಕಣ್ಣಿಡಿ. ನಿಧಾನವಾಗಿ ಇಳಿದರೆ ಸೆಲ್ ತುಂಬಿದೆ. ದಪ್ ಅಂತ ಬಿದ್ದರೆ ಸೆಲ್‌ದು ತಪ್ಪಿರಲಿಕ್ಕಿಲ್ಲ.

ರಾತ್ರಿಪಾಳಿ:
ಅದೆಲ್ಲ ಆಮೇಲೆ. ಮೊದಲು ಬ್ಯಾಲೆನ್ಸ್, ಅಂದರೆ ಸೆಲ್‌ಗಳನ್ನು ಸಮ ಮಾಡುವ ಕೆಲಸ, ಶುರುವಾಗುವ ವೋಲ್ಟೇಜನ್ನು 3.0ಕ್ಕೆ ಇಳಿಸಿ. ಇಡೀ ದಿನ ಬ್ಯಾಲೆನ್ಸ್ ಆಗುತ್ತಾ ಇರುತ್ತದೆ. ನನ್ನ ಹಳೇ ಎನ್‌ಎಂಸಿಗೆ ಹಾಗೇ ಇಟ್ಟಿದ್ದೆ, ಸೆಲ್‌ಗಳ ನಡುವೆ 5 ಮಿಲಿವೋಲ್ಟ್ ಸಹ ವ್ಯತ್ಯಾಸ ಇರಲಿಲ್ಲ.

ಮೂರುಪಾಯಿಂಟ್‌ಎರಡು:
ಇದನ್ನು ಯಾರೂ ಮಾಡಬೇಡಿ. ಎನ್‌ಎಂಸಿಯ ವೋಲ್ಟೇಜ್ ಇಳಿಜಾರಿನ ಹಾಗೆ. ಚಾರ್ಜ್ ಕಡಿಮೆಯಾದ ಹಾಗೆ ವೋಲ್ಟೇಜೂ ಇಳಿಯುತ್ತದೆ. ಹಾಗಾಗಿ ಎಲ್ಲಿ ಅಳೆದರೂ ಒಂದಿಷ್ಟು ನಿಜ ಸಿಗುತ್ತದೆ. ಎಲ್‌ಎಫ್‌ಪಿ ಮಧ್ಯದಲ್ಲಿ ಬಯಲು. ಮೂವತ್ತರಿಂದ ಎಪ್ಪತ್ತು ಪರ್ಸೆಂಟ್‌ವರೆಗೆ ಸುಮ್ಮನಿರುವ ಸೆಲ್ ಸುಮಾರು 3.28ರಿಂದ 3.33ರ ಒಳಗೇ ತಿರುಗುತ್ತದೆ. ಅಲ್ಲಿ ಕಾಣುವ 5 ಮಿಲಿವೋಲ್ಟ್ ವ್ಯತ್ಯಾಸ ಚಾರ್ಜ್‌ನದೋ, ಒಳಗಿನ ರೆಸಿಸ್ಟೆನ್ಸ್‌ದೋ, ಬೋರ್ಡ್‌ನ ಅಳತೆಯ ತಪ್ಪೋ ಯಾರಿಗೆ ಗೊತ್ತು? ಬ್ಯಾಲೆನ್ಸರ್ ಅದನ್ನೇ ನಂಬಿ ಇಲ್ಲದವನ ಜೇಬಿನಿಂದ ಕಿತ್ತು ಇದ್ದವನಿಗೆ ಕೊಡುತ್ತದೆ. ಮೇಲೆ ಹೋದಾಗ ಅದನ್ನೆಲ್ಲ ವಾಪಸ್ ಮಾಡಬೇಕು. 3.42, 3.45, ಅಲ್ಲಿಂದ ಶುರುವಾಗಲಿ. ಅದಕ್ಕಿಂತ ಕೆಳಗೆ ಬೇಡ.

ರಾತ್ರಿಪಾಳಿ:
ಪುಸ್ತಕದ ಮಾತು. 3.42ರ ಮೇಲೆ ಪ್ಯಾಕ್ ಇರುವುದೇ ದಿನಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಏನು ಬ್ಯಾಲೆನ್ಸ್ ಆಗುತ್ತದೆ?

ನಿಧಾನಸ್ಥೆ:
ಅಣ್ಣಾ, ಆ ಅರ್ಧ ಗಂಟೆಯ ಲೆಕ್ಕ ಸರಿಯಾಗಿದೆ, ಮದ್ದು ತಪ್ಪು. ಲೆಕ್ಕ ಹಾಕೋಣ. ಒಂದು ಸೆಲ್ 5 ಆಂಪಿಯರ್ ಅವರ್ ಮುಂದೆ ಇದೆ ಅಂದುಕೊಳ್ಳಿ. ಪ್ಯಾಸಿವ್ ಬ್ಯಾಲೆನ್ಸರ್ ರೆಸಿಸ್ಟರ್‌ನಲ್ಲಿ 100 ಮಿಲಿಆಂಪಿಯರ್ ಸುಡುತ್ತದೆ. 50 ಗಂಟೆ ಬೇಕು. ದಿನಕ್ಕೆ ಅರ್ಧ ಗಂಟೆಯಾದರೆ ನೂರು ದಿನ. 1 ಆಂಪಿಯರ್‌ನ ಆ್ಯಕ್ಟಿವ್ ಬ್ಯಾಲೆನ್ಸರ್ (ಸುಡದೆ ಬೇರೆ ಸೆಲ್‌ಗೆ ಸಾಗಿಸುವಂಥದ್ದು) ಆದರೆ 5 ಗಂಟೆಯಷ್ಟೇ, ಹತ್ತು ದಿನಕ್ಕೆ ಮುಗಿಯುತ್ತದೆ. ಹಾಗಂತ ಮಧ್ಯದ ಬಯಲಿನಲ್ಲಿ ಬ್ಯಾಲೆನ್ಸ್ ಮಾಡಿದರೆ ದಿನಗಳು ಕಡಿಮೆಯಾಗುವುದಿಲ್ಲ, ದಿಕ್ಕು ತಪ್ಪುತ್ತದೆ. ದೊಡ್ಡ ಸೆಲ್‌ಗಳಾದರೆ ಕಟ್ಟುವ ಮುಂಚೆಯೇ ಎಲ್ಲವನ್ನೂ ಪ್ಯಾರಲಲ್ ಮಾಡಿ, ಬೆಂಚ್ ಪವರ್ ಸಪ್ಲೈನಲ್ಲಿ 3.65ಕ್ಕೆ ತುಂಬಿಸಿಟ್ಟರೆ ಈ ಜಗಳವೇ ಇರುವುದಿಲ್ಲ. ಸಪ್ಲೈಯ ವೋಲ್ಟೇಜನ್ನು ಸೆಲ್‌ಗೆ ಕೊಡುವ ಮೊದಲೇ ಹೊಂದಿಸಿ, ಕೊಟ್ಟ ಮೇಲೆ ಆ ಗುಂಡಿ ಮುಟ್ಟಬೇಡಿ. 'ಕರೆಂಟ್ ಸಾಲುತ್ತಿಲ್ಲ' ಅಂತ ತಿರುಗಿಸಿ ಮಲಗಲು ಹೋದವರ ಕಥೆ ಬೇಕಾದಷ್ಟಿದೆ.

ರಾತ್ರಿಪಾಳಿ:
ಸರಿ ಮೇಡಂ, ನಿಮ್ಮ ಮಾತು ಒಪ್ಪಿದೆ. ಮೂರುಪಾಯಿಂಟ್‌ದು ಇನ್ನೂ ಒಪ್ಪಿಲ್ಲ.

ಮೂರುಪಾಯಿಂಟ್‌ಎರಡು:
ಇಬ್ಬರೂ ಹೇಳಿದ್ದು ಒಂದೇ ಗುರೂ.

ಉಪ್ಪಿನಋಣ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸೋಡಿಯಂ ಅಯಾನ್ ಸೆಲ್‌ಗಳಿಗೆ ಬಿಎಂಎಸ್ ಹೊಂದಿಸುತ್ತಿದ್ದೇನೆ. ಆ್ಯಪ್‌ನಲ್ಲಿ ಆ ಬಗೆಯೇ ಇಲ್ಲ. ಎಲ್‌ಎಫ್‌ಪಿ, ಎನ್‌ಎಂಸಿ, ಎಲ್‌ಟಿಒ (ಲಿಥಿಯಂ ಟೈಟನೇಟ್) ಮೂರೇ. ಯಾವುದು ಹತ್ತಿರ?

ಮೂರುಪಾಯಿಂಟ್‌ಎರಡು:
ಯಾವುದೂ ಹತ್ತಿರ ಇಲ್ಲ. ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಸೋಡಿಯಂ ಸೆಲ್ ತುಂಬಿದಾಗ 3.95, 4.0ರ ಹತ್ತಿರ, ಖಾಲಿಯಾದಾಗ 2.0, ಕೆಲವು 1.5. ಸೆಲ್ ಮಾಡಿದವರ ಡೇಟಾಶೀಟ್ ಏನು ಹೇಳುತ್ತದೋ ಅದೇ ಕೊನೆ ಮಾತು. ಕಷ್ಟ ಬಿಎಂಎಸ್‌ನಲ್ಲಿ ಅಲ್ಲ, ಇನ್ವರ್ಟರ್‌ನಲ್ಲಿ. 16 ಸೆಲ್ ಕೂಡಿಸಿದರೆ ತುಂಬಿದಾಗ 63 ವೋಲ್ಟ್, ಖಾಲಿಯಾದಾಗ 32. ಅಷ್ಟು ಅಗಲದ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಇನ್ವರ್ಟರ್ ಇದೆಯೇ ನೋಡಿಕೊಳ್ಳಿ. ಒಂದು ಸುಖ ಇದೆ. ಇಳಿಜಾರು ಚೆನ್ನಾಗಿರುವುದರಿಂದ ವೋಲ್ಟೇಜ್ ನೋಡಿಯೇ ಎಷ್ಟು ಉಳಿದಿದೆ ಅಂತ ಹೇಳಬಹುದು.

ಕಪ್ಪುತಂತಿ:
ಸೋಡಿಯಂ ಸೊನ್ನೆ ವೋಲ್ಟ್‌ಗೆ ಇಳಿದರೂ ಸಾಯುವುದಿಲ್ಲವಂತೆ. ಹಾಗಿದ್ದರೆ ಕೆಳಗಿನ ಮಿತಿ ಯಾಕೆ?

ನಿಧಾನಸ್ಥೆ:
ಎಲ್‌ಎಫ್‌ಪಿ, ಎನ್‌ಎಂಸಿಯಂಥ ಲಿಥಿಯಂ ಸೆಲ್‌ನಲ್ಲಿ ನೆಗೆಟಿವ್ ಕಡೆಯ ಹಾಳೆ ತಾಮ್ರದ್ದು. ತೀರಾ ಕೆಳಗೆ ಇಳಿದರೆ ಆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಕಂಡ ಕಂಡಲ್ಲಿ ಕೂತು ಒಳಗೇ ಶಾರ್ಟ್ ಮಾಡಬಹುದು. ಸೋಡಿಯಂನಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಹಾಕಲು ಬರುತ್ತದೆ, ಆ ಭಯ ಇಲ್ಲ. ಅದಕ್ಕೇ ಖಾಲಿ ಮಾಡಿ ಸಾಗಿಸಬಹುದು ಅನ್ನುತ್ತಾರೆ. ಆದರೆ ದಿನವೂ ಓಡಿಸುವಾಗ ಸರಣಿಯಲ್ಲಿ ದುರ್ಬಲವಾದದ್ದು ಸೊನ್ನೆ ದಾಟಿ ಉಲ್ಟಾ ಹೋಗುತ್ತದೆ. ಆ ಮಿತಿ ಅದಕ್ಕೆ.

ತಣ್ಣಗಿರು:
ಎಲ್‌ಟಿಒ ಹೆಸರು ಬಂತಲ್ಲ, ನನಗೂ ಎರಡು ಸಾಲು. ಒಂದು ಸೆಲ್ 2.4 ವೋಲ್ಟ್, ಹಾಗಾಗಿ 48ಕ್ಕೆ 20 ಸೆಲ್ ಬೇಕು. 16ರವರೆಗಿನ ಬೋರ್ಡ್ ಕೊಂಡು ಪೇಚಾಡಿದವನು ನಾನು. ಮೇಲೆ 2.8, ಕೆಳಗೆ 1.5. ಚಳಿಯಲ್ಲೂ ಚಾರ್ಜ್ ಆಗುತ್ತದೆ, ಅದೇ ಅದರ ದೊಡ್ಡಸ್ತಿಕೆ. ಎಲ್‌ಎಫ್‌ಪಿ, ಎನ್‌ಎಂಸಿ ಇಟ್ಟುಕೊಂಡವರು ಚಾರ್ಜ್‌ನ ತಾಪಮಾನದ ಕೆಳ ಮಿತಿಯನ್ನು ಒಮ್ಮೆ ತೆರೆದು ನೋಡಿ. ನನ್ನ ಆ್ಯಪ್‌ನಲ್ಲಿ ಎಲ್‌ಎಫ್‌ಪಿ ಆರಿಸಿದರೂ ಅದು ಮೈನಸ್ 20 ಅಂತಲೇ ಇತ್ತು! ಗ್ರಾಫೈಟ್ ಇರುವ ಇಂಥ ಸೆಲ್‌ಗೆ ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಕೊಟ್ಟರೆ ಲಿಥಿಯಂ ಒಳಗೆ ಇಳಿಯದೆ ಮೇಲೇ ಲೋಹವಾಗಿ ಅಂಟಿಕೊಳ್ಳುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಾನು 5 ಡಿಗ್ರಿಗೆ ಇಟ್ಟಿದ್ದೇನೆ. ಮತ್ತೆ, ಸೆನ್ಸರನ್ನು ಸೆಲ್‌ಗೆ ಅಂಟಿಸಿ. ಗಾಳಿಯಲ್ಲಿ ಜೋತುಬಿದ್ದ ಸೆನ್ಸರ್ ಗಾಳಿಯ ಸುದ್ದಿಯನ್ನೇ ಹೇಳುತ್ತದೆ.

ಅರ್ಧಚಾರ್ಜ್:
ಹಳೇಮೀಟರ್ ಸರ್, ನೋಡಿದೆ. ಚಾರ್ಜ್ ನಿಲ್ಲಿಸುವಾಗ 3.65. ಎರಡು ಸೆಕೆಂಡ್ ಆಗಿರಲಿಲ್ಲ, 3.37. ಉಳಿದವು 3.36. ಮತ್ತೆ ಶುರು ಮಾಡಿದರೆ ಮತ್ತೆ ಹಾರಿತು. ಮೂರು ಸಲ ಮಾಡಿ ನೋಡಿದೆ.

ಹಳೇಮೀಟರ್:
ಸಿಕ್ಕಿತು. ನಿಮ್ಮ 9ನೇ ಸೆಲ್ ಗಟ್ಟಿಯಾಗಿದೆ. ಎರಡು ಪೆಟ್ಟಿಗೆಗಳ ನಡುವಿನ ಕೇಬಲ್ ನೋಡಿ. ನಿಮ್ಮ 8ನೇ ಸೆನ್ಸ್ ವೈರ್ (ಬಿಎಂಎಸ್ ಸೆಲ್‌ನ ವೋಲ್ಟೇಜ್ ಅಳೆಯುವ ಸಣ್ಣ ತಂತಿ) 8ನೇ ಸೆಲ್‌ನ ಪಾಸಿಟಿವ್ ಮೇಲಿದೆ, 9ನೆಯದು 9ರ ಪಾಸಿಟಿವ್ ಮೇಲೆ. ಆ ಎರಡರ ಮಧ್ಯೆ ಸೆಲ್ ಒಂದೇ ಇಲ್ಲ, ಇಡೀ ಕೇಬಲೂ ಇದೆ. ಬಿಎಂಎಸ್ ಎರಡನ್ನೂ ಸೇರಿಸಿ 'ಇದು 9ನೇ ಸೆಲ್' ಅನ್ನುತ್ತದೆ.

ಲೆಕ್ಕವೂ ಕೂಡಿಬರುತ್ತದೆ. ಚಾರ್ಜ್‌ನಲ್ಲಿ 3.65 ಕಳೆ 3.38, ಅಂದರೆ 0.27 ವೋಲ್ಟ್. 60 ಆಂಪಿಯರ್‌ನಿಂದ ಭಾಗಿಸಿದರೆ 4.5 ಮಿಲಿಓಮ್. ಲೋಡ್‌ನಲ್ಲಿ 3.27 ಕಳೆ 3.09, 0.18 ವೋಲ್ಟ್. 40ರಿಂದ ಭಾಗಿಸಿ. ಅದೇ 4.5! ಸೆಲ್‌ನ ಸಾಮರ್ಥ್ಯದ ತೊಂದರೆ ಆಗಿದ್ದರೆ ಎರಡು ಕಡೆ ಇಷ್ಟು ನೀಟಾಗಿ ಒಂದೇ ಉತ್ತರ ಬರುತ್ತಿರಲಿಲ್ಲ. 60 ಆಂಪಿಯರ್‌ಗೆ 0.27 ಅಂದರೆ 16 ವಾಟ್ ಅಲ್ಲೇ ಬಿಸಿಯಾಗಿ ಹೋಗುತ್ತಿದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪೆಟ್ಟಿಗೆ ಪಕ್ಕ ಉರಿಸಿಟ್ಟ ಹಾಗೆ. ಕರೆಂಟ್ ಹರಿಯುವಾಗ ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ 8ರ ಟರ್ಮಿನಲ್ ಮೇಲೆ, ಇನ್ನೊಂದು ಕೇಬಲ್‌ನ ಲಗ್ (ತುದಿಯ ಲೋಹದ ಬಳೆ) ಮೇಲೆ. ಆಮೇಲೆ ಲಗ್‌ನಿಂದ ಲಗ್. ಎಲ್ಲಿ ಜಾಸ್ತಿ ಬರುತ್ತದೋ ಅಲ್ಲೇ ಕಳ್ಳ.

ಅರ್ಧಚಾರ್ಜ್:
ಮೀಟರ್ ಹಿಡಿಯುವ ಮೊದಲೇ ಬೆರಳಿಗೆ ಸಿಕ್ಕಿತು, ಚುರುಕ್ ಅಂತ. 9ನೇ ಸೆಲ್ ಕಡೆಯ ಲಗ್. ಚಾರ್ಜ್ ಪೂರ್ತಿ ಬಂದ್ ಮಾಡಿ ಬಿಚ್ಚಿದೆ. ಕ್ರಿಂಪ್ (ಲಗ್ಗನ್ನು ಕೇಬಲ್‌ಗೆ ಒತ್ತಿ ಕೂರಿಸಿದ ಜಾಗ) ಹಿಡಿದು ಎಳೆದರೆ ಕೇಬಲ್ ಹಾಗೇ ಹೊರಗೆ ಬಂತು. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದೆ, ನಿಜ ಹೇಳುತ್ತೇನೆ. ಒಳಗಿನ ಎಳೆಗಳು ಕಂದು ಬಣ್ಣಕ್ಕೆ ತಿರುಗಿವೆ.

ಸುಟ್ಟಬೆರಳು:
ನನ್ನ ಹೆಸರಿಗೆ ಪಾಲುದಾರರು ಬಂದರು.

ಕಪ್ಪುತಂತಿ:
ಸೆನ್ಸ್ ವೈರನ್ನು 8ರಿಂದ ಕಿತ್ತು 9ರ ನೆಗೆಟಿವ್ ಮೇಲೆ ಹಾಕಿದ್ದರೆ ಸಾಕಿತ್ತು.

ಹಳೇಮೀಟರ್:
ಆಗ 8ನೇ ಸೆಲ್ ಹಾರುತ್ತಿತ್ತು. ಲಗ್ ಬಿಸಿಯಾಗುವುದು ಬಿಸಿಯಾಗುತ್ತಲೇ ಇರುತ್ತಿತ್ತು.

ಅರ್ಧಚಾರ್ಜ್:
ಹೈಡ್ರಾಲಿಕ್ ಕ್ರಿಂಪರ್ ಎರವಲು ತಂದು 35 ಚದರ ಮಿಲಿಮೀಟರ್ ಕೇಬಲ್‌ಗೆ ಎರಡೂ ಕಡೆ ಹೊಸ ಲಗ್ ಹಾಕಿದೆ. ಟರ್ಮಿನಲ್‌ಗಳನ್ನೂ ನುಣುಪು ಮರಳುಕಾಗದದಲ್ಲಿ ಉಜ್ಜಿದೆ. ಈಗ 60 ಆಂಪಿಯರ್‌ನಲ್ಲಿ 9ನೆಯದು 3.40, ಉಳಿದವು 3.38. ನಿಮ್ಮ ಕೈಗೆ ಚಿನ್ನದ ಮಲ್ಟಿಮೀಟರ್ ಕೊಡಬೇಕು ಸರ್.

ಇನ್ನೊಂದು ವಿಚಿತ್ರ. ಚಾರ್ಜ್ ಅರ್ಧ ಆಗುವಷ್ಟರಲ್ಲೇ ಆ್ಯಪ್ 100% ಅನ್ನುತ್ತದೆ. ಅದೂ ಕೇಬಲ್‌ನಿಂದಲೇನಾ?

ನಿಧಾನಸ್ಥೆ:
ಸಾಮರ್ಥ್ಯದ ಜಾಗದಲ್ಲಿ ಎಷ್ಟು ಬರೆದಿದ್ದೀರಿ?

ಅರ್ಧಚಾರ್ಜ್:
120. ಹಳೇ ಪ್ಯಾಕ್‌ದು. ಅಯ್ಯೋ.

ನಿಧಾನಸ್ಥೆ:
ಬಹಳಷ್ಟು ಆ್ಯಪ್‌ಗಳಲ್ಲಿ 'ಎಲ್‌ಎಫ್‌ಪಿ' ಅಂತ ಒತ್ತಿದರೆ ಬದಲಾಗುವುದು ವೋಲ್ಟೇಜ್‌ಗಳು ಮಾತ್ರ. ಸಾಮರ್ಥ್ಯ, ತಾಪಮಾನ, ಕರೆಂಟ್ ಮಿತಿ ಯಾವುದನ್ನೂ ಅದು ಮುಟ್ಟದೇ ಇರಬಹುದು. ಒಂದೊಂದೇ ತೆರೆದು ನೋಡಿ. 280 ಅಂತ ಬರೆದ ಮೇಲೂ ಪರ್ಸೆಂಟನ್ನು ಪೂರ್ತಿ ನಂಬಬೇಡಿ. ಬಿಎಂಎಸ್ ಒಳಗೆ ಬಂದ ಕರೆಂಟ್, ಹೊರಗೆ ಹೋದ ಕರೆಂಟ್ ಎಣಿಸುತ್ತದೆ ಅಷ್ಟೆ. ನನ್ನದು ಅರ್ಧ ಆಂಪಿಯರ್‌ಗಿಂತ ಕಡಿಮೆ ಹರಿದರೆ ಸೊನ್ನೆ ಅನ್ನುತ್ತದೆ. ರೂಟರ್ ಥರದ ಸಣ್ಣ ಲೋಡ್ 0.4 ಆಂಪಿಯರ್ ಎಳೆದರೆ ದಿನಕ್ಕೆ 9.6 ಆಂಪಿಯರ್ ಅವರ್ ಲೆಕ್ಕಕ್ಕೇ ಸಿಗದೆ ಹೋಯಿತು. ಹತ್ತು ದಿನಕ್ಕೆ ಪ್ಯಾಕ್‌ನ ಮೂರನೇ ಒಂದು ಭಾಗ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿದರೆ ಲೆಕ್ಕ ಮತ್ತೆ 100ರಿಂದ ಶುರುವಾಗುತ್ತದೆ.

ರಾತ್ರಿಪಾಳಿ:
ಚಾರ್ಜರ್ ಎಷ್ಟಕ್ಕೆ ಇದೆ? ಅದನ್ನು ಯಾರೂ ಕೇಳಲೇ ಇಲ್ಲ.

ಅರ್ಧಚಾರ್ಜ್:
58.4. 3.65 ಗುಣಿಸು 16. ಇನ್ವರ್ಟರ್‌ನಲ್ಲಿ ಬ್ಯಾಟರಿ ಬಗೆ 'ಲೆಡ್ ಆ್ಯಸಿಡ್' ಅಂತ ಇದೆ. 'ಯೂಸರ್' ಅಂತಲೂ ಒಂದು ಇದೆ.

ಮೂರುಪಾಯಿಂಟ್‌ಎರಡು:
ತಕ್ಷಣ 'ಯೂಸರ್'ಗೆ ಬದಲಾಯಿಸಿ. ಲೆಡ್ ಆ್ಯಸಿಡ್ ಬಗೆಯಲ್ಲಿ ಈಕ್ವಲೈಸ್ ಅಂತ ಒಂದಿರುತ್ತದೆ, ಆಗಾಗ ಬೇಕೆಂದೇ ವೋಲ್ಟೇಜ್ ಏರಿಸುತ್ತದೆ. ಲಿಥಿಯಂಗೆ ಅದು ವಿಷ. ಬಂದ್ ಮಾಡಿ. ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಯಿಸುವುದೂ ಇರುತ್ತದೆ, ಚಳಿಯಾದಷ್ಟೂ ಜಾಸ್ತಿ ಕೊಡುತ್ತದೆ. ಅದನ್ನೂ ಸೊನ್ನೆ ಮಾಡಿ.

ಚಾರ್ಜರ್ ಮತ್ತು ಬಿಎಂಎಸ್ ಒಂದೇ ಗೆರೆಯ ಮೇಲೆ ನಿಲ್ಲಬಾರದು. ಚಾರ್ಜರ್ 55.2ಕ್ಕೆ ನಿಲ್ಲಲಿ, ಅಂದರೆ ಸೆಲ್‌ಗೆ 3.45. ಕರೆಂಟ್ 14 ಆಂಪಿಯರ್‌ಗೆ ಇಳಿಯುವವರೆಗೆ ಹಾಗೇ ಹಿಡಿದಿಟ್ಟು ಆಮೇಲೆ ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 53.6. ಬಿಎಂಎಸ್ ಮಿತಿ 3.65ರಲ್ಲೇ ಇರಲಿ. ಕೆಳಗೂ ಹಾಗೇ. ಇನ್ವರ್ಟರ್ 48ಕ್ಕೇ ನಿಲ್ಲಲಿ, ಬಿಎಂಎಸ್ ಕಟ್ 2.6. ದಿನವೂ ಬಿಎಂಎಸ್ ಟ್ರಿಪ್ ಆಗುತ್ತಿದೆ ಅಂದರೆ ಸೆಟಿಂಗ್ ತಪ್ಪಿದೆ ಅಂತ.

ಉಪ್ಪಿನಋಣ:
ಟ್ರಿಪ್ ಆದರೆ ಏನಾಯಿತು, ಅದಕ್ಕೇ ಅಲ್ವಾ ಅದು ಇರುವುದು?

ಸುಟ್ಟಬೆರಳು:
ಸೋಲಾರ್ ಜೋರಾಗಿ ತುಂಬುತ್ತಿರುವಾಗ ಬ್ಯಾಟರಿ ಇದ್ದಕ್ಕಿದ್ದಂತೆ ಕಳಚಿಕೊಂಡರೆ ಆ ಕರೆಂಟ್ ಎಲ್ಲಿಗೆ ಹೋಗಬೇಕು? ಒಂದು ಕ್ಷಣ ಲೈನ್ ವೋಲ್ಟೇಜ್ ಮೇಲೆ ಚಿಮ್ಮುತ್ತದೆ. ನನ್ನ ಒಂದು ಚಾರ್ಜ್ ಕಂಟ್ರೋಲರ್ ಹಾಗೇ ಹೋಯಿತು.

ತಣ್ಣಗಿರು:
ಇನ್ನೊಂದು ಬುದ್ಧಿಮಾತು, ಕೇಳದಿದ್ದರೂ ಹೇಳುತ್ತೇನೆ. ಕೇಬಲ್ ಬಿಚ್ಚಿ ಹಾಕುವಾಗ ಸೆನ್ಸ್ ವೈರ್‌ನ ಕನೆಕ್ಟರ್ ಬಿಎಂಎಸ್‌ನಿಂದ ಹೊರಗಿರಲಿ. ಹಾಕುವ ಮುಂಚೆ ಕಪ್ಪು ವೈರ್‌ನಿಂದ ಶುರುಮಾಡಿ ಪಕ್ಕಪಕ್ಕದ ಪಿನ್‌ಗಳನ್ನು ಮೀಟರ್‌ನಲ್ಲಿ ಅಳೆಯಿರಿ. ಪ್ರತಿ ಸಲವೂ 3.3 ಬರಬೇಕು. ಎಲ್ಲಾದರೂ 6.6 ಅಥವಾ ಸೊನ್ನೆ ಬಂದರೆ ಅಲ್ಲೇ ನಿಲ್ಲಿ.

ಅರ್ಧಚಾರ್ಜ್:
ಈಗ ಹೇಳುತ್ತಿದ್ದೀರಾ! ಹಾಗೇ ಬಿಚ್ಚಿದೆ, ಹಾಗೇ ಹಾಕಿದೆ. ಅದೃಷ್ಟ ಚೆನ್ನಾಗಿತ್ತು.

ಇವತ್ತಿನ ವರದಿ. 55.2ಕ್ಕೆ ಇಟ್ಟು ತುಂಬಿಸಿದೆ. ಟ್ರಿಪ್ ಆಗಲಿಲ್ಲ. ಆದರೆ ಕೊನೆಯಲ್ಲಿ 4ನೇ ಸೆಲ್ 3.58ಕ್ಕೆ ಹೋಗಿ ಕೂತಿದೆ, ಉಳಿದವು 3.43. ಚಾರ್ಜ್ ನಿಲ್ಲಿಸಿದರೆ ದಪ್ ಅಂತ ಬೀಳುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಲೋಡ್‌ನಲ್ಲಿ ಉಳಿದವುಗಳ ಜೊತೆಯೇ ಇದೆ.

ಹಳೇಮೀಟರ್:
ಇದು ನಿಜವಾದ ಬ್ಯಾಲೆನ್ಸ್ ಕೇಸ್. 3.42ರಿಂದ ಶುರುವಾಗುವ ಹಾಗೆ ಇಟ್ಟು ಒಂದೆರಡು ವಾರ ಬಿಡಿ. ನಡುವೆ ಏನನ್ನೂ ಬದಲಾಯಿಸಬೇಡಿ.

ರಾತ್ರಿಪಾಳಿ:
3.40 ಆದರೂ ಆಗುತ್ತದೆ.

ಮೂರುಪಾಯಿಂಟ್‌ಎರಡು:
ಆಗುತ್ತದೆ. ಒಪ್ಪಿದೆ. ಮುಗಿಸೋಣ.

ಕಪ್ಪುತಂತಿ:
ಅದು ಸರಿ, ಬುಕ್ ಮಾಡಿದ್ದ ಹೊಸ ಸೆಲ್ ರದ್ದು ಮಾಡಿದಿರಾ?

ಅರ್ಧಚಾರ್ಜ್:
ಆಗಲೇ ಹೊರಟುಬಿಟ್ಟಿದೆ ಸರ್. ನಾಳೆ ಬರುತ್ತದೆ. ನಿಮ್ಮ ಮಾತು ಕೇಳಿದ್ದಕ್ಕೆ.

ನಿಧಾನಸ್ಥೆ:
ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ ಇಟ್ಟುಬಿಡಿ. ನಿಮ್ಮ ಹೆಸರೇ ಅದು, ಮರೆಯುವುದಿಲ್ಲ.